ಮಗು ದುಡಿದ ದುಡ್ಡು ಯಾರದು? ಜಾಕಿ ಕೂಗನ್ ಹಾಕಿದ ದಾವೆಯ ಕಥೆ

1938ರ ಏಪ್ರಿಲ್ ತಿಂಗಳು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 23 ವರ್ಷದ ಯುವಕನೊಬ್ಬ ಕೋರ್ಟಿನಲ್ಲಿ ದಾವೆ ಹೂಡಿದ. ಪ್ರತಿವಾದಿಗಳು ಯಾರೋ ಹೊರಗಿನವರಲ್ಲ, ಅವನ ಹೆತ್ತ ತಾಯಿ ಮತ್ತು ಮಲತಂದೆ. ಅವನು ಕೇಳಿದ್ದು ಆಸ್ತಿಯ ಪಾಲಲ್ಲ, ಅಪ್ಪನ ಮನೆಯೂ ಅಲ್ಲ. ತಾನೇ ಚಿಕ್ಕಂದಿನಲ್ಲಿ ದುಡಿದ ಹಣದ ಲೆಕ್ಕ ಕೇಳಿದ್ದ.

ಆ ಯುವಕನ ಹೆಸರು ಜಾಕಿ ಕೂಗನ್. ಒಂದು ಕಾಲಕ್ಕೆ ಪ್ರಪಂಚದಲ್ಲಿ ಅವನಷ್ಟು ಹೆಸರಾದ ಮಗು ಇನ್ನೊಂದಿರಲಿಲ್ಲ. ಏಳು ವರ್ಷ ತುಂಬುವ ಮೊದಲೇ ಅವನ ಮುಖ ಖಂಡ ಖಂಡಗಳ ಸಿನಿಮಾ ಪರದೆಗಳ ಮೇಲೆ ಓಡಾಡಿತ್ತು. ಅವನ ದುಡಿಮೆ 30ರಿಂದ 40 ಲಕ್ಷ ಡಾಲರ್ ಎಂದು ಅಂದಾಜು ಮಾಡುತ್ತಾರೆ. ಆ ಕಾಲದ ಡಾಲರಿನ ತೂಕ ತಿಳಿಯಬೇಕಾದರೆ ಒಂದು ಲೆಕ್ಕ ನೋಡಿ. 1920ರ ದಶಕದ ನಡುವಿನಲ್ಲಿ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರು 300 ಡಾಲರ್ ಒಳಗೆ ಸಿಗುತ್ತಿತ್ತು. ಅಂದರೆ ಈ ಹುಡುಗನ ದುಡಿಮೆಯಲ್ಲಿ ಹತ್ತು ಸಾವಿರ ಹೊಸ ಕಾರು ಕೊಳ್ಳಬಹುದಿತ್ತು.

ಅಂಥವನಿಗೆ ಕೊನೆಗೆ ಕೈಗೆ ಬಂದದ್ದೆಷ್ಟು? ಅದನ್ನು ಮುಂದೆ ಹೇಳುತ್ತೇವೆ. ನೂರು ವರ್ಷದ ಹಿಂದಿನ, ಸಾವಿರಾರು ಮೈಲಿ ದೂರದ ಈ ಕಥೆಯನ್ನು ನಾವು ಇಲ್ಲಿ ಹೇಳಲು ಒಂದು ಕಾರಣವಿದೆ. ಇವತ್ತು ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಕುಣಿಯುವ, ಡೈಲಾಗ್ ಹೊಡೆಯುವ, ಊರಿನ ಅಡುಗೆ ತೋರಿಸುವ ಪುಟ್ಟ ಮಕ್ಕಳನ್ನು ನೀವೂ ನೋಡಿದ್ದೀರಿ, ನಾವೂ ನೋಡಿದ್ದೇವೆ. ಜಾಕಿ ಕೇಳಿದ ಪ್ರಶ್ನೆ ಆ ಮಕ್ಕಳದ್ದೂ ಹೌದು.

ಚಾಪ್ಲಿನ್ ಕಣ್ಣಿಗೆ ಬಿದ್ದ ಹುಡುಗ

ಜಾಕಿ ಹುಟ್ಟಿದ್ದು 1914ರ ಅಕ್ಟೋಬರ್ 26ರಂದು, ಲಾಸ್ ಏಂಜಲೀಸ್‌ನಲ್ಲಿ. ಅಪ್ಪ, ಅಮ್ಮ ಇಬ್ಬರೂ ರಂಗದ ಮೇಲೆ ಹೊಟ್ಟೆ ಹೊರೆದವರು. ಅಪ್ಪ ಊರೂರು ತಿರುಗಿ ಕುಣಿಯುವ, ನಗಿಸುವ ಕಲಾವಿದ. ಹಾಡು, ಕುಣಿತ, ಹಾಸ್ಯ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ತೋರಿಸುವ ಇಂಥ ಪ್ರದರ್ಶನಗಳಿಗೆ ಅಲ್ಲಿ 'ವಾಡೆವಿಲ್' ಎನ್ನುತ್ತಿದ್ದರು. ನಮ್ಮ ಕಂಪನಿ ನಾಟಕಗಳಲ್ಲಿ ಕಲಾವಿದರ ಮಕ್ಕಳು ನಡೆಯಲು ಕಲಿಯುತ್ತಲೇ ಬಣ್ಣ ಹಚ್ಚಿಕೊಳ್ಳುತ್ತಿದ್ದ ಹಾಗೆ ಜಾಕಿಯೂ ಅಪ್ಪನ ಜೊತೆ ರಂಗ ಹತ್ತಿದ.

1919ರಲ್ಲಿ ಲಾಸ್ ಏಂಜಲೀಸ್‌ನ ಆರ್ಫಿಯಂ ಥಿಯೇಟರಿನಲ್ಲಿ ಚಾರ್ಲಿ ಚಾಪ್ಲಿನ್ ಈ ಹುಡುಗನನ್ನು ನೋಡಿದರು. ಚಾಪ್ಲಿನ್ ಆಗಲೇ ಲೋಕಪ್ರಸಿದ್ಧರು. ಅದೇ ವರ್ಷ ಅವರ ಮೊದಲ ಮಗು ಹುಟ್ಟಿದ ಮೂರೇ ದಿನಕ್ಕೆ ತೀರಿಕೊಂಡಿತ್ತು. ಅವರ ಸ್ವಂತ ಬಾಲ್ಯವೂ ಸುಖದ್ದಲ್ಲ. ಲಂಡನ್ನಿನಲ್ಲಿ ಗತಿಯಿಲ್ಲದವರನ್ನು ಇಟ್ಟು ದುಡಿಸುವ 'ವರ್ಕ್‌ಹೌಸ್' ಎಂಬ ಸರ್ಕಾರಿ ಮನೆಗೆ ಏಳನೇ ವಯಸ್ಸಿನಲ್ಲಿ ಸೇರಬೇಕಾಗಿ ಬಂದವರು ಅವರು. ಬಡ ಮಗುವಿನ ಕಥೆ ಹೇಳಲು ಅವರಿಗೆ ಬೇರೆಲ್ಲೂ ಹುಡುಕಬೇಕಿರಲಿಲ್ಲ.

ಮೊದಲು 'ಎ ಡೇಸ್ ಪ್ಲೆಷರ್' ಎಂಬ ಕಿರುಚಿತ್ರದಲ್ಲಿ ಜಾಕಿಗೆ ಸಣ್ಣ ಪಾತ್ರ ಕೊಟ್ಟರು. ಆಮೇಲೆ ಬಂದದ್ದು 1921ರ 'ದಿ ಕಿಡ್'. ಅನಾಥ ಕೂಸೊಂದು ಅಲೆಮಾರಿಯ ಕೈಗೆ ಸಿಗುತ್ತದೆ. ಅವನು ಅದನ್ನು ಸಾಕುತ್ತಾನೆ. ಹುಡುಗ ಐದು ವರ್ಷದವನಾದಾಗ ಇಬ್ಬರೂ ಸೇರಿ ಒಂದು ಕಸುಬು ಕಂಡುಕೊಳ್ಳುತ್ತಾರೆ. ಹುಡುಗ ಕಲ್ಲು ಹೊಡೆದು ಮನೆಗಳ ಕಿಟಕಿ ಗಾಜು ಒಡೆಯುವುದು, ಹಿಂದೆಯೇ ಚಾಪ್ಲಿನ್ ಗಾಜು ಹೊತ್ತು ಬಂದು ರಿಪೇರಿ ಮಾಡಿ ಕಾಸು ಪಡೆಯುವುದು. ನಗಿಸುತ್ತಾ ನಗಿಸುತ್ತಾ ಸಿನಿಮಾ ಒಂದು ಕಡೆ ಕರುಳು ಹಿಂಡುತ್ತದೆ. ಅನಾಥಾಲಯದವರು ಬಂದು ಹುಡುಗನನ್ನು ಗಾಡಿಗೆ ಹಾಕಿಕೊಂಡು ಹೋಗುವಾಗ ಅವನು ಎರಡೂ ಕೈ ಚಾಚಿ ಅಳುತ್ತಾನೆ. ಮಾತೇ ಇಲ್ಲದ ಸಿನಿಮಾ ಅದು. ಆದರೂ ಆ ಅಳು ಕೇಳಿಸುತ್ತದೆ.

ಆ ಅಳುವಿನ ಹಿಂದೆ ಒಂದು ಕಥೆಯಿದೆ. ಚಾಪ್ಲಿನ್ ತಮ್ಮ ಆತ್ಮಕಥೆಯಲ್ಲಿ ಅದನ್ನು ಹೇಳಿಕೊಂಡಿದ್ದಾರೆ. ಆಡಿಕೊಂಡಿದ್ದ ಜಾಕಿಗೆ ಏನು ಮಾಡಿದರೂ ಅಳು ಬರಲಿಲ್ಲವಂತೆ. ಆಗ ಅವನ ಅಪ್ಪ, ಅಳದಿದ್ದರೆ ನಿನ್ನನ್ನು ಸ್ಟುಡಿಯೋದಿಂದ ಎಳೆದೊಯ್ದು ವರ್ಕ್‌ಹೌಸಿಗೆ ಹಾಕುತ್ತಾರೆ ಎಂದು ಹೆದರಿಸಿದರು. ಹುಡುಗ ಬಿಕ್ಕಿ ಬಿಕ್ಕಿ ಅತ್ತ, ಕ್ಯಾಮೆರಾ ಓಡಿತು. ಆಮೇಲೆ ಚಾಪ್ಲಿನ್ ಅವನನ್ನು ಎತ್ತಿಕೊಂಡು ಸಮಾಧಾನ ಮಾಡಲು ಹೋದರೆ, ಅಪ್ಪ ಸುಮ್ಮನೆ ಹೇಳಿದ್ದು ಅಂತ ನನಗೆ ಗೊತ್ತಿತ್ತು ಎಂದನಂತೆ.

ಇದನ್ನು ಓದಿ ಚಾಪ್ಲಿನ್ ನಕ್ಕಿರಬಹುದು, ಓದುವವರಿಗೂ ನಗು ಬರಬಹುದು. ನಮಗೆ ಮಾತ್ರ ಅದರಲ್ಲಿ ಬೇರೆಯದೇ ಕಾಣುತ್ತದೆ. ಐದಾರು ವರ್ಷದ ಮಗುವಿಗೆ ಅಪ್ಪ ಹೇಳುವುದರಲ್ಲಿ ಯಾವುದು ನಿಜ, ಯಾವುದು ಕೆಲಸಕ್ಕಾಗಿ ಹೇಳಿದ್ದು ಎಂದು ಬೇರೆ ಮಾಡಿಕೊಳ್ಳುವುದೂ ಕಸುಬಿನ ಒಂದು ಭಾಗವಾಗಿತ್ತು.

ಮಗುವೇ ಒಂದು ಕಂಪನಿ

'ದಿ ಕಿಡ್' ಗೆದ್ದ ಮೇಲೆ ಜಾಕಿ ಬರೀ ನಟನಾಗಿ ಉಳಿಯಲಿಲ್ಲ. ಅವನ ಹೆಸರಲ್ಲೇ ನಿರ್ಮಾಣ ಸಂಸ್ಥೆ ಶುರುವಾಯಿತು, ವ್ಯವಹಾರವನ್ನು ಅಪ್ಪ ನೋಡಿಕೊಂಡರು. 1922ರಲ್ಲಿ 'ಆಲಿವರ್ ಟ್ವಿಸ್ಟ್' ಬಂತು. ದೊಡ್ಡ ಸ್ಟುಡಿಯೋಗಳು ಅವನಿಗಾಗಿ ಪೈಪೋಟಿಗೆ ಬಿದ್ದವು. ಜಾಕಿ ಹೆಸರಿನ ಗೊಂಬೆ, ಪೀಪಿ, ಬರೆಯುವ ಕಾಗದ, ಕಡಲೆಕಾಯಿ ಬೆಣ್ಣೆ ಎಲ್ಲವೂ ಅಂಗಡಿಗೆ ಬಂದವು. ಬಟ್ಟಲು ಕವುಚಿ ಕತ್ತರಿಸಿದ ಹಾಗಿದ್ದ ಅವನ ಉದ್ದ ಕೂದಲು ಎಷ್ಟು ಹೆಸರಾಗಿತ್ತೆಂದರೆ, ಬೆಳೆದ ಮೇಲೆ ಅದನ್ನು ಕತ್ತರಿಸುವುದನ್ನೂ ಸಿನಿಮಾ ಮಾಡಿ ಮಾರಿದರು. 1927ರ ಆ ಸಿನಿಮಾದ ಹೆಸರೇ 'ಜಾನಿ ಗೆಟ್ ಯುವರ್ ಹೇರ್ ಕಟ್'.

ಒಳ್ಳೆಯ ಕೆಲಸಕ್ಕೂ ಅವನ ಹೆಸರು ಒದಗಿತು. ಮೊದಲ ಮಹಾಯುದ್ಧದ ನಂತರ ಅರ್ಮೇನಿಯಾ ಮತ್ತು ಗ್ರೀಸ್ ಕಡೆಯ ಸಾವಿರಾರು ಮಕ್ಕಳು ಅನಾಥರಾಗಿದ್ದರು. ಅವರಿಗೆ ಅನ್ನ, ಬಟ್ಟೆ ಕೂಡಿಸಲು 'ನಿಯರ್ ಈಸ್ಟ್ ರಿಲೀಫ್' ಎಂಬ ಸಂಸ್ಥೆ 1924ರಲ್ಲಿ ಜಾಕಿಯನ್ನು ಅಮೆರಿಕ, ಯುರೋಪ್ ತುಂಬ ತಿರುಗಿಸಿತು. ಹತ್ತು ಲಕ್ಷ ಡಾಲರಿಗೂ ಹೆಚ್ಚು ಮೌಲ್ಯದ ನೆರವು ಕೂಡಿತು. ರೋಮಿನಲ್ಲಿ ಪೋಪ್ ಅವರೇ ಅವನನ್ನು ಬರಮಾಡಿಕೊಂಡರು. ಆಗ ಅವನಿಗೆ ಹತ್ತು ವರ್ಷದ ಆಸುಪಾಸು.

ಬೇರೆ ಅನಾಥ ಮಕ್ಕಳಿಗಾಗಿ ಲಕ್ಷಗಟ್ಟಲೆ ಕೂಡಿಸಿದ ಹುಡುಗನಿಗೆ ಮನೆಯಲ್ಲಿ ಸಿಗುತ್ತಿದ್ದ ಕೈಖರ್ಚು ವಾರಕ್ಕೆ ಆರೂಕಾಲು ಡಾಲರ್. ಅದನ್ನು ಅವನು ತಪ್ಪೆಂದು ಎಣಿಸಿರಲಿಲ್ಲ. ದುಡ್ಡೆಲ್ಲ ಜೋಪಾನವಾಗಿದೆ, 21 ವರ್ಷವಾದಾಗ ತನ್ನ ಕೈಗೆ ಬರುತ್ತದೆ ಎಂದೇ ನಂಬಿದ್ದ.

1935ರ ಮೇ 4

ದೊಡ್ಡವನಾದಂತೆ ಅವಕಾಶ ಕಡಿಮೆಯಾದವು. ಮಗುವಾಗಿ ಮುದ್ದಾಗಿದ್ದವನನ್ನು ಹದಿಹರೆಯದಲ್ಲಿ ಜನ ಹಾಗೇ ಒಪ್ಪುವುದಿಲ್ಲ, ಇದು ಎಲ್ಲ ಬಾಲನಟರ ಪಾಡು. 1930ರಲ್ಲಿ 'ಟಾಮ್ ಸಾಯರ್', ಮರುವರ್ಷ 'ಹಕಲ್‌ಬರಿ ಫಿನ್' ಬಂದವು. ಆಮೇಲೆ ದಾರಿ ಕಿರಿದಾಯಿತು.

1935ರ ಮೇ 4ರಂದು ಜಾಕಿ, ಅಪ್ಪ ಮತ್ತು ಇನ್ನೂ ಮೂವರು ಮೆಕ್ಸಿಕೋ ಕಡೆ ಹಕ್ಕಿ ಬೇಟೆಗೆ ಹೋಗಿ ಕಾರಿನಲ್ಲಿ ವಾಪಸಾಗುತ್ತಿದ್ದರು. ಸ್ಯಾನ್ ಡಿಯೆಗೋ ಬಳಿಯ ಬೆಟ್ಟದ ರಸ್ತೆಯಲ್ಲಿ ಕಾರು ಉರುಳಿತು. ಅಪ್ಪ ಹೋದರು. ಜಾಕಿಯ ಗೆಳೆಯ, ನಟ ಜೂನಿಯರ್ ಡರ್ಕಿನ್ ಹೋದ. ಉಳಿದಿಬ್ಬರೂ ಹೋದರು. ಐವರಲ್ಲಿ ಬದುಕಿದ್ದು ಜಾಕಿ ಒಬ್ಬನೇ. 21 ತುಂಬಲು ಇನ್ನು ಐದೂವರೆ ತಿಂಗಳಿತ್ತು.

ಅಪ್ಪನ ನಂತರ ವ್ಯವಹಾರವೆಲ್ಲ ತಾಯಿಯ ಕೈ ಸೇರಿತು. ಮನೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಆರ್ಥರ್ ಬರ್ನ್‌ಸ್ಟೀನ್ ಎಂಬವರನ್ನು ತಾಯಿ ಮುಂದೆ ಮದುವೆಯಾದರು. 21ನೇ ಹುಟ್ಟುಹಬ್ಬ ಬಂತು, ಹೋಯಿತು. ಹಣ ಬರಲಿಲ್ಲ. 1937ರಲ್ಲಿ ಜಾಕಿ ನಟಿ ಬೆಟ್ಟಿ ಗ್ರೇಬಲ್ ಅವರನ್ನು ಮದುವೆಯಾದ. ಆಕೆ ಮುಂದೆ ಹಾಲಿವುಡ್‌ನ ದೊಡ್ಡ ತಾರೆಯಾದರು. ಸಂಸಾರ ಹೂಡಿದವನಿಗೆ ದುಡ್ಡು ಬೇಕಾಯಿತು. ಕೇಳಿದ. ಸಿಗಲಿಲ್ಲ. ಕೋರ್ಟಿಗೆ ಹೋದ.

ಕಾನೂನು ತಾಯಿಯ ಕಡೆಗಿತ್ತು

ಇಲ್ಲಿ ಓದುಗರು ಒಂದು ನಿಮಿಷ ನಿಲ್ಲಬೇಕು. ಇದು ಬರೀ ಒಬ್ಬ ತಾಯಿಯ ದುರಾಸೆಯ ಕಥೆಯಾಗಿದ್ದರೆ ನಾವು ಬರೆಯುತ್ತಿರಲಿಲ್ಲ. ತುಪ್ಪಳದ ಕೋಟು, ವಜ್ರ, ದುಬಾರಿ ಕಾರಿಗೆ ತನ್ನ ಹಣ ಹೋಯಿತು ಎಂಬುದು ಜಾಕಿಯ ಆರೋಪವಾಗಿತ್ತು. ತಾಯಿಯ ಉತ್ತರ ನೇರವಾಗಿತ್ತು. ಅವನಿಗೆ ಏನಾದರೂ ಕೊಡುತ್ತೇವೆ ಎಂದು ಯಾರೂ ಮಾತು ಕೊಟ್ಟಿರಲಿಲ್ಲ, 21 ವರ್ಷದವರೆಗೆ ಮಕ್ಕಳು ದುಡಿದದ್ದೆಲ್ಲ ಹೆತ್ತವರದು ಎಂಬುದು ಅವರ ವಾದ. ಇನ್ನೊಂದು ಮಾತೂ ಬಂತು: ಕ್ಯಾಮೆರಾ ಮುಂದೆ ಹುಡುಗ ಖುಷಿಯಾಗಿದ್ದ, ಅವನಿಗೆ ಅದೆಲ್ಲ ಆಟವಾಗಿತ್ತು.

ಈ ವಾದದ ಮೊದಲ ಭಾಗ ಸುಳ್ಳಲ್ಲ. ಅಂದಿನ ಕ್ಯಾಲಿಫೋರ್ನಿಯಾದ ಕಾನೂನು ಹಾಗೇ ಹೇಳುತ್ತಿತ್ತು. ಪ್ರಾಯಕ್ಕೆ ಬರದ ಮಕ್ಕಳ ಗಳಿಕೆ ಹೆತ್ತವರಿಗೆ ಸೇರಿದ್ದು.

ಅಂಥ ಕಾನೂನು ಯಾಕಿತ್ತು? ಇದು ಬೇಸಾಯದ ಮನೆಗಳ ಕಾಲದ ಕಾನೂನು. ಅಪ್ಪ ಅಮ್ಮ ಮಗುವಿಗೆ ಅನ್ನ ಹಾಕುತ್ತಾರೆ, ಮಗು ಹೊಲದಲ್ಲಿ, ಕೊಟ್ಟಿಗೆಯಲ್ಲಿ ಕೈಲಾದದ್ದು ಮಾಡುತ್ತದೆ, ದುಡಿಮೆಯೆಲ್ಲ ಒಂದೇ ರಾಶಿಗೆ ಬೀಳುತ್ತದೆ. ಹಳ್ಳಿಯಲ್ಲಿ ಬೆಳೆದ ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಕಣದಲ್ಲಿ ರಾಶಿ ಮಾಡುವಾಗ ಇದು ಯಾರ ಬೆವರಿನ ಸೇರು ಎಂದು ಯಾರೂ ಅಳೆಯುವುದಿಲ್ಲ. ಎಮ್ಮೆ ಕಾದ ಮಗನಿಗೆ, ಸೊಪ್ಪು ತಂದ ಮಗಳಿಗೆ ಕೂಲಿ ಬರೆಯುವುದಿಲ್ಲ.

ಆದರೆ ಆ ಮನೆಯಲ್ಲಿ ಮಗು ಅಷ್ಟಿಷ್ಟು ಕೈಜೋಡಿಸುತ್ತದೆ, ದೊಡ್ಡವರು ಹೊರೆ ಹೊರುತ್ತಾರೆ. ಜಾಕಿಯ ಮನೆಯಲ್ಲಿ ಇದು ತಿರುವುಮುರುವಾಗಿತ್ತು. ಆರು ವರ್ಷದವನು ದುಡಿದ, ದೊಡ್ಡವರು ಅವನ ನೆರಳಲ್ಲಿ ಬದುಕಿದರು. ಹೊಲವಿದ್ದ ಮನೆಯಲ್ಲಿ ರಾಶಿಗೆ ಬಿದ್ದ ದುಡಿಮೆ ಮುಂದೆ ಪಾಲಾಗುವಾಗ ಎಷ್ಟೋ ಮಟ್ಟಿಗೆ ವಾಪಸು ಬರುತ್ತದೆ. ಸಿನಿಮಾದ ಹಣಕ್ಕೆ ಹಾಗೆ ಬದುವಿಲ್ಲ, ಪಹಣಿಯಿಲ್ಲ. ಖರ್ಚಾದರೆ ಹೋಯಿತು. ಪಿತ್ರಾರ್ಜಿತ, ಸ್ವಯಾರ್ಜಿತ ಎಂಬ ಮಾತು ನಮ್ಮಲ್ಲಿ ಪ್ರತಿ ಊರಿನ ಅರಳಿಕಟ್ಟೆಯ ಮೇಲೂ ಕೇಳುತ್ತದೆ. ಅಪ್ಪನ ಸ್ವಯಾರ್ಜಿತಕ್ಕೆ ಮಗ ಹಕ್ಕು ಕೇಳುವುದನ್ನು ನೋಡಿದ್ದೇವೆ. ಮಗನ ಸ್ವಯಾರ್ಜಿತವನ್ನು ಹೆತ್ತವರು ತಮ್ಮದೆಂದರೆ? ಆ ಮಗ ಇನ್ನೂ ಹಾಲುಹಲ್ಲಿನವನಾಗಿದ್ದರೆ?

ಇನ್ನು 'ಅವನಿಗೆ ಅದು ಆಟವಾಗಿತ್ತು' ಎಂಬ ಮಾತು. ಮಗುವಿಗೆ ಆಟವಾಗಿ ಕಂಡಿರಬಹುದು. ಟಿಕೆಟ್ ಮಾರಿದವರಿಗೆ ಅದು ಆಟವಾಗಿರಲಿಲ್ಲ. ದುಡ್ಡು ಎಣಿಸುವಾಗ ಕೆಲಸ, ದುಡ್ಡು ಕೊಡುವಾಗ ಆಟ ಎಂದರೆ ಅದು ನ್ಯಾಯವಲ್ಲ.

ಬಂದದ್ದೆಷ್ಟು?

ವ್ಯಾಜ್ಯ ಮುಗಿಯುವ ಹೊತ್ತಿಗೆ ಉಳಿದಿದ್ದ ಆಸ್ತಿಯೇ ಎರಡೂವರೆ ಲಕ್ಷ ಡಾಲರಿನಷ್ಟು. 1939ರಲ್ಲಿ ರಾಜಿಯಾಗಿ ಜಾಕಿಗೆ ಸಿಕ್ಕಿದ್ದು 1,26,000 ಡಾಲರ್. ಒಟ್ಟು ದುಡಿಮೆಯ ಅಂದಾಜಿಗೆ ಹೋಲಿಸಿದರೆ ನೂರು ರೂಪಾಯಿಗೆ ಮೂರು ನಾಲ್ಕು ರೂಪಾಯಿ. ಅದೇ ವರ್ಷ ಬೆಟ್ಟಿ ಗ್ರೇಬಲ್ ಜೊತೆಗಿನ ಮದುವೆಯೂ ಮುರಿಯಿತು.

ಆದರೆ ಊರೆಲ್ಲ ಈ ಸುದ್ದಿ ಓದಿತ್ತು. ತಾವು ಮುದ್ದು ಮಾಡಿದ ಹುಡುಗನಿಗೆ ಹೀಗಾಯಿತೆಂದು ಜನ ಸಿಟ್ಟಾದರು. 1939ರಲ್ಲೇ ಕ್ಯಾಲಿಫೋರ್ನಿಯಾ ಹೊಸ ಕಾನೂನು ತಂದಿತು. ಬಾಲನಟರ ಒಪ್ಪಂದಕ್ಕೆ ಕೋರ್ಟು ಒಪ್ಪಿಗೆ ಕೊಡುವಾಗ ಗಳಿಕೆಯ ಅರ್ಧದವರೆಗೆ ಮಗುವಿಗಾಗಿ ತೆಗೆದಿಡಲು ಹೇಳಬಹುದಾಯಿತು. ಜನ ಅದನ್ನು ಇಂದಿಗೂ 'ಕೂಗನ್ ಕಾಯ್ದೆ' ಎಂದೇ ಕರೆಯುತ್ತಾರೆ.

ಕಾಯ್ದೆ ಬಂದರೂ ಅದರಲ್ಲಿ ತೂತುಗಳಿದ್ದವು. ಕೋರ್ಟಿನ ಒಪ್ಪಿಗೆಗೆ ಬಂದ ಒಪ್ಪಂದಗಳಿಗೆ ಮಾತ್ರ ಅದು ಅನ್ವಯ. ಕೋರ್ಟಿಗೆ ಹೋಗದ ಸಣ್ಣಪುಟ್ಟ ಒಪ್ಪಂದಗಳು ಹೊರಗೇ ಉಳಿದವು. ಎಲ್ಲಕ್ಕಿಂತ ಮುಖ್ಯವಾಗಿ, ಮಗು ದುಡಿದದ್ದು ಮಗುವಿನದೇ ಎಂದು ಆ ಕಾಯ್ದೆ ಹೇಳಿರಲಿಲ್ಲ. ತೆಗೆದಿಟ್ಟದ್ದು ಮಗುವಿಗೆ, ಮಿಕ್ಕದ್ದು ಎಂದಿನಂತೆ ಹೆತ್ತವರಿಗೆ.

ಒಬ್ಬನದೇ ಕಥೆಯಲ್ಲ

ಜಾಕಿಯ ಕಾಲದಲ್ಲೇ ಬೇಬಿ ಪೆಗ್ಗಿ ಎಂಬ ಹುಡುಗಿ ಇದ್ದಳು. ನಾಲ್ಕೈದು ವರ್ಷಕ್ಕೇ ದೊಡ್ಡ ತಾರೆ. ಅವಳ ಅಪ್ಪನಿಗೂ ನಿರ್ಮಾಪಕರಿಗೂ ಜಗಳವಾಗಿ ಅವಕಾಶ ನಿಂತಿತು, ಗಳಿಸಿದ್ದೂ ಕೈಬಿಟ್ಟುಹೋಯಿತು. ದೊಡ್ಡವಳಾದ ಮೇಲೆ ಡಯಾನಾ ಸೆರ‍್ರಾ ಕ್ಯಾರಿ ಎಂಬ ಹೆಸರಿನಲ್ಲಿ ಲೇಖಕಿಯಾಗಿ ಹಾಲಿವುಡ್‌ನ ಬಾಲನಟರ ಚರಿತ್ರೆ ಬರೆದರು. ಜಾಕಿಯ ಜೀವನಚರಿತ್ರೆ ಬರೆದವರೂ ಅವರೇ. 2020ರಲ್ಲಿ ತೀರಿಕೊಂಡಾಗ ಅವರಿಗೆ 101 ವರ್ಷ.

ಆಮೇಲೆ ಬಂದವಳು ಶರ್ಲಿ ಟೆಂಪಲ್. 1928ರಲ್ಲಿ ಹುಟ್ಟಿದ ಈ ಗುಂಗುರು ಕೂದಲ ಹುಡುಗಿ 1935ರಿಂದ 1938ರವರೆಗೆ ಸತತ ನಾಲ್ಕು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಕೆ ತಂದುಕೊಟ್ಟ ತಾರೆ. ಅಮೆರಿಕ ಆಗ ಭಾರೀ ಆರ್ಥಿಕ ಕುಸಿತದಲ್ಲಿತ್ತು. ಕೆಲಸ ಕಳೆದುಕೊಂಡ ಜನ ಚಿಲ್ಲರೆ ಕಾಸು ಕೊಟ್ಟು ಅವಳ ನಗು ನೋಡಿ ಬರುತ್ತಿದ್ದರು. ತೆರೆಯ ಹಿಂದಿನ ಸಂಗತಿಗಳನ್ನು ಅವರು 1988ರಲ್ಲಿ ಬಂದ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೂರು ವರ್ಷದವಳಿದ್ದಾಗ ನಟಿಸಿದ ಮೊದಲ ಕಿರುಚಿತ್ರಗಳ ಸೆಟ್ಟಿನಲ್ಲಿ, ತಂಟೆ ಮಾಡಿದ ಮಕ್ಕಳನ್ನು ಕತ್ತಲ ಪೆಟ್ಟಿಗೆಯಂಥ ಕೋಣೆಗೆ ಹಾಕುತ್ತಿದ್ದರು. ಕೂರಲು ಅಲ್ಲಿದ್ದದ್ದು ಮಂಜುಗಡ್ಡೆ. ಅವಳು ಇನ್ನೂ ಚಿಕ್ಕವಳೆಂದು ಜನ ನಂಬಲಿ ಎಂದು ವಯಸ್ಸನ್ನೂ ಒಂದು ವರ್ಷ ಇಳಿಸಿದ್ದರು. ತನ್ನ ನಿಜವಾದ ವಯಸ್ಸು ಅವಳಿಗೇ ಗೊತ್ತಾದದ್ದು ಹದಿಮೂರು ತುಂಬಿದಾಗ.

ಶರ್ಲಿಯ ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಲೆಕ್ಕ ಬಲ್ಲವರು. ಆದರೂ ದೊಡ್ಡವಳಾಗಿ ಲೆಕ್ಕ ತೆಗೆದು ನೋಡಿದಾಗ, 32 ಲಕ್ಷ ಡಾಲರಿಗೂ ಹೆಚ್ಚು ದುಡಿದಿದ್ದ ಅವಳ ಹೆಸರಲ್ಲಿ ಉಳಿದದ್ದು 44,000 ಡಾಲರ್. ನೂರಕ್ಕೆ ಒಂದೂವರೆ ರೂಪಾಯಿಯೂ ಅಲ್ಲ. ಕೋರ್ಟಿನ ಪ್ರಕಾರ ಟ್ರಸ್ಟಿಗೆ ಕಟ್ಟಬೇಕಿದ್ದ ಹಣವನ್ನು ಅಪ್ಪ ಕಟ್ಟಿರಲಿಲ್ಲ. ಶರ್ಲಿ ಜಗಳಕ್ಕೆ ಹೋಗಲಿಲ್ಲ, ಸಿಟ್ಟನ್ನೂ ಉಳಿಸಿಕೊಳ್ಳಲಿಲ್ಲ. ಮುಂದೆ ಘಾನಾ, ಆಮೇಲೆ ಚೆಕೊಸ್ಲೊವಾಕಿಯಾ ದೇಶಗಳಿಗೆ ಅಮೆರಿಕದ ರಾಯಭಾರಿಯಾದರು. ಅದು ಅವರ ದೊಡ್ಡ ಮನಸ್ಸು. ಆದರೆ ಮಕ್ಕಳ ಹಕ್ಕು ಮಕ್ಕಳ ದೊಡ್ಡ ಮನಸ್ಸಿನ ಮೇಲೆ ನಿಲ್ಲಬಾರದು.

ಹೆತ್ತವರೆಲ್ಲ ಕಳ್ಳರಲ್ಲ ಎಂಬುದೂ ಈ ಕಥೆಗಳಿಂದ ಗೊತ್ತಾಗುತ್ತದೆ. ಕೆಲವರು ಹೂಡಿಕೆಯಲ್ಲಿ ಕಳೆದರು, ಕೆಲವರು ನಂಬಿದವರಿಂದ ಮೋಸಹೋದರು, ಕೆಲವರು ಮಗು ಸದಾ ಹೀಗೇ ದುಡಿಯುತ್ತದೆ ಎಂದುಕೊಂಡು ಕೈಬಿಟ್ಟು ಖರ್ಚು ಮಾಡಿದರು. ಕಾರಣ ಯಾವುದಾದರೂ ಖಾಲಿಯಾದದ್ದು ಮಗುವಿನ ಖಾತೆ.

ನಮ್ಮ ಕಾರಾಪುರದ ಸಾಬು

ಅದೇ ಹಾಲಿವುಡ್‌ಗೆ ನಮ್ಮ ನೆಲದಿಂದಲೂ ಒಬ್ಬ ಹುಡುಗ ಹೋಗಿದ್ದ. 1924ರಲ್ಲಿ ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ ಹುಟ್ಟಿದ ಸಾಬು, ಮೈಸೂರು ಮಹಾರಾಜರ ಆನೆ ಲಾಯದ ಮಾವುತರೊಬ್ಬರ ಮಗ. ತಂದೆ ತೀರಿಕೊಂಡಿದ್ದರು. 'ಎಲಿಫೆಂಟ್ ಬಾಯ್' ಸಿನಿಮಾಕ್ಕೆ ಹುಡುಗನನ್ನು ಹುಡುಕುತ್ತ ಮೈಸೂರಿಗೆ ಬಂದ ತಂಡದ ಕಣ್ಣಿಗೆ ಬಿದ್ದ. ಆ ಸಿನಿಮಾ 1937ರಲ್ಲಿ ಬಿಡುಗಡೆಯಾಗಿ ಅವನು ರಾತ್ರೋರಾತ್ರಿ ಹೆಸರಾದ. ಅಣ್ಣನ ಜೊತೆ ಲಂಡನ್ ಸೇರಿದ, ಅಲ್ಲಿ ಶಾಲೆಗೂ ಹೋದ. 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರೀಕರಣ ಯುದ್ಧದಿಂದಾಗಿ ಲಂಡನ್ನಿನಿಂದ ಹಾಲಿವುಡ್‌ಗೆ ಸ್ಥಳಾಂತರವಾದಾಗ ಅಮೆರಿಕ ಸೇರಿದ. 1942ರಲ್ಲಿ 'ಜಂಗಲ್ ಬುಕ್' ಬಂತು. 1944ರಲ್ಲಿ ಅಮೆರಿಕದ ಪೌರನಾದ.

ಜಾಕಿ ಮತ್ತು ಸಾಬು ಇಬ್ಬರನ್ನೂ ಎರಡನೇ ಮಹಾಯುದ್ಧ ಕರೆದುಕೊಂಡಿತು. ಸಾಬು ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದು ಶೌರ್ಯ ಪದಕ ಪಡೆದ. ಜಾಕಿ ಎಂಜಿನ್ನಿಲ್ಲದ ಗ್ಲೈಡರ್ ವಿಮಾನದ ಪೈಲಟ್ ಆದ. ಮೈಸೂರಿನ ಹುಡುಗ ಅಮೆರಿಕದ ಕಡೆ ಹೋದರೆ, ಅಮೆರಿಕದ ಹುಡುಗ ಭಾರತಕ್ಕೆ ಬಂದ. 1944ರ ಮಾರ್ಚ್ 5ರ ರಾತ್ರಿ ಅಸ್ಸಾಮಿನ ಲಾಲಾಘಾಟ್ ಎಂಬಲ್ಲಿಂದ ಹಾರಿದ ಗ್ಲೈಡರುಗಳು ಜಪಾನಿ ಸೈನ್ಯದ ಬೆನ್ನ ಹಿಂದೆ, ಬರ್ಮಾದ ಕಾಡಿನ ನಡುವಿನ ಬಯಲಿಗೆ ಸೈನಿಕರನ್ನು ಇಳಿಸಿದವು. ಎಂಜಿನ್ ಇಲ್ಲದ ಗಾಡಿ, ಕತ್ತಲು, ಕೆಳಗೆ ಮರದ ದಿಮ್ಮಿಗಳು. ಇಳಿದರೆ ಇಳಿದ ಹಾಗೆ, ಮತ್ತೆ ಮೇಲೇರಲು ಸಾಧ್ಯವಿಲ್ಲ. ಆ ಪೈಲಟ್‌ಗಳಲ್ಲಿ 'ದಿ ಕಿಡ್' ಹುಡುಗನೂ ಒಬ್ಬ.

ಯುದ್ಧ ಮುಗಿಸಿ ಬಂದ ಮೇಲೆ ಜಾಕಿ ಸಿಕ್ಕಿದ ಪಾತ್ರಗಳನ್ನೆಲ್ಲ ಮಾಡಿದ. 1964ರಲ್ಲಿ ಟಿವಿಯ 'ದಿ ಆಡಮ್ಸ್ ಫ್ಯಾಮಿಲಿ' ಧಾರಾವಾಹಿಯಲ್ಲಿ ಬೋಳುತಲೆಯ ಅಂಕಲ್ ಫೆಸ್ಟರ್ ಆಗಿ ಹೊಸ ಪೀಳಿಗೆಯನ್ನು ನಗಿಸಿದ. ಬಟ್ಟಲು ಕೂದಲಿನ ಹುಡುಗ ಇವನೇ ಎಂದು ಎಷ್ಟೋ ಮಕ್ಕಳಿಗೆ ಗೊತ್ತಿರಲಿಲ್ಲ. 1984ರ ಮಾರ್ಚ್ 1ರಂದು, 69ನೇ ವಯಸ್ಸಿನಲ್ಲಿ ತೀರಿಕೊಂಡ. ಸಾಬು ಅಷ್ಟು ಕಾಲ ಬದುಕಲಿಲ್ಲ, 1963ರಲ್ಲಿ 39ನೇ ವಯಸ್ಸಿಗೇ ಹೋಗಿದ್ದ.

ತೂತು ಮುಚ್ಚಲು ಅರವತ್ತು ವರ್ಷ

ಕೂಗನ್ ಕಾಯ್ದೆಯ ತೂತುಗಳು ಮುಚ್ಚಿದ್ದು 2000ದ ಜನವರಿ 1ರಂದು. ಅಂದಿನಿಂದ ಕ್ಯಾಲಿಫೋರ್ನಿಯಾದಲ್ಲಿ ಮಗು ಕಲಾವಿದರ ಗಳಿಕೆ ಕಾನೂನಿನ ಪ್ರಕಾರ ಮಗುವಿನದೇ. ಗಳಿಕೆಯ ಶೇಕಡಾ 15ನ್ನು ಕೆಲಸ ಕೊಟ್ಟವರೇ ನೇರವಾಗಿ ಮಗುವಿನ ಖಾತೆಗೆ ಹಾಕಬೇಕು. ಮಗು ಪ್ರಾಯಕ್ಕೆ ಬರುವವರೆಗೆ ಅದನ್ನು ಹೆತ್ತವರೂ ಮುಟ್ಟುವಂತಿಲ್ಲ. ಆ ಖಾತೆಗೆ 'ಕೂಗನ್ ಖಾತೆ' ಎಂದೇ ಹೆಸರು. ತನ್ನ ಹಣ ಪೂರ್ತಿ ಸಿಗದವನ ಹೆಸರಲ್ಲಿ ಇಂದು ಸಾವಿರಾರು ಮಕ್ಕಳ ಹಣ ಭದ್ರವಾಗಿದೆ.

ಆಮೇಲೆ ಫೋನ್ ಬಂತು. ಸ್ಟುಡಿಯೋ ಬೇಡ, ನಿರ್ಮಾಪಕ ಬೇಡ, ಅಪ್ಪನೇ ಕ್ಯಾಮೆರಾಮನ್, ಅಮ್ಮನೇ ಡೈರೆಕ್ಟರ್. ಈ ಮಕ್ಕಳು ಹಳೆಯ ಕಾಯ್ದೆಯ ಹೊರಗೆ ಉಳಿದರು. ಅಮೆರಿಕದ ಇಲಿನಾಯ್ ರಾಜ್ಯ ಮೊದಲಿಗೆ ಎಚ್ಚೆತ್ತು, ಮನೆಯವರ ವಿಡಿಯೋಗಳಲ್ಲಿ ಕಾಣಿಸಿಕೊಳ್ಳುವ ಮಕ್ಕಳಿಗೂ ಗಳಿಕೆಯ ಪಾಲು ತೆಗೆದಿಡಬೇಕೆಂಬ ಕಾನೂನನ್ನು 2024ರ ಜುಲೈ 1ರಿಂದ ಜಾರಿಗೆ ತಂದಿತು. ಕ್ಯಾಲಿಫೋರ್ನಿಯಾದಲ್ಲೂ 2025ರಿಂದ ಅಂಥದೇ ಕಾನೂನಿದೆ.

ನಮ್ಮಲ್ಲಿ? ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು, 2017ರಲ್ಲಿ ನಿಯಮಗಳು ಬಂದವು. 14 ವರ್ಷದೊಳಗಿನ ಮಗು ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ನಟಿಸಬಹುದು, ಆದರೆ ಷರತ್ತುಗಳಿವೆ. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು, ಬಿಡುವಿಲ್ಲದೆ ಮೂರು ಗಂಟೆ ದಾಟಬಾರದು. ಶಾಲೆ ತಪ್ಪಬಾರದು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿ ಇಡಬೇಕು, ಪ್ರಾಯಕ್ಕೆ ಬಂದಾಗ ಅದು ಮಗುವಿನ ಕೈಗೆ. ಈ ಮಾತು ನಿಮ್ಮ ಊರಿನಲ್ಲಿ ಶೂಟಿಂಗ್ ನಡೆದು ಮಕ್ಕಳನ್ನು ಕರೆದಾಗ ನೆನಪಿರಲಿ. ಊಟ, ಚಾಕಲೇಟು, ಹೀರೋ ಜೊತೆ ಒಂದು ಫೋಟೋ ಕೂಲಿಯಲ್ಲ.

ಈ ನಿಯಮಗಳೆಲ್ಲ ನಿರ್ಮಾಪಕ ಎಂಬ ಒಬ್ಬ ಹೊರಗಿನವನನ್ನು ಮುಂದಿಟ್ಟುಕೊಂಡು ಬರೆದವು. ಮನೆಯಂಗಳದಲ್ಲೇ ರೀಲ್ಸ್ ಆಗುವಾಗ ಆ ಜಾಗದಲ್ಲಿ ನಿಂತವರು ಹೆತ್ತವರೇ. ಅಲ್ಲಿ ಜಿಲ್ಲಾಧಿಕಾರಿ ಬಂದು ಗಂಟೆ ಎಣಿಸುವುದಿಲ್ಲ. ಆದ್ದರಿಂದ ಎಣಿಸುವ ಕೆಲಸವೂ ಮನೆಯವರದೇ.

ನಾವು ರೀಲ್ಸ್ ಮಾಡಬೇಡಿ ಎನ್ನುತ್ತಿಲ್ಲ. ಮಕ್ಕಳ ಕುಣಿತ ನೋಡಿ ನಾವೂ ನಗುವವರೇ. ಹಳ್ಳಿಯ ಮಗುವಿನ ಪ್ರತಿಭೆ ಬೆಂಗಳೂರು ದಾಟಿ ಹೋದರೆ ನಮಗೂ ಹೆಮ್ಮೆ. ಆದರೆ ಅದರಿಂದ ದುಡ್ಡು ಬರಲು ಶುರುವಾದ ದಿನವೇ ಮಗುವಿನ ಹೆಸರಲ್ಲಿ ಒಂದು ಖಾತೆ ತೆರೆಯಿರಿ. ಪೋಸ್ಟ್ ಆಫೀಸಾದರೂ ಸರಿ, ಬ್ಯಾಂಕಾದರೂ ಸರಿ, ಅಪ್ಪ ಅಥವಾ ಅಮ್ಮ ಪೋಷಕರಾಗಿ ಸಹಿ ಹಾಕಿದರೆ ಸಾಕು. ಬಂದದ್ದೆಷ್ಟು, ಮನೆಗೆ ಬಳಸಿದ್ದೆಷ್ಟು, ಮಗುವಿಗೆ ಇಟ್ಟದ್ದೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಾಲಿನ ಡೇರಿಯ ಲೆಕ್ಕ, ಸಂಘದ ಕಂತಿನ ಲೆಕ್ಕ ಬರೆಯುವ ಮನೆಗಳಿಗೆ ಇದು ಕಷ್ಟವಲ್ಲ. ಮನೆಗೆ ಕಷ್ಟವಿದ್ದು ಮಗುವಿನ ಹಣ ಮುಟ್ಟಬೇಕಾಗಿ ಬಂದರೆ ಅದನ್ನೂ ಬರೆಯಿರಿ. ಮುಟ್ಟುವುದಕ್ಕಿಂತ ಮುಚ್ಚಿಡುವುದು ಮನೆ ಮುರಿಯುತ್ತದೆ. ಮಗು ಇವತ್ತು ಬೇಡ ಎಂದರೆ ಫೋನ್ ಕೆಳಗಿಡಿ. ಅಳಿಸಿ ವಿಡಿಯೋ ಮಾಡಬೇಡಿ.

ಬಿಡುವಾದಾಗ 'ದಿ ಕಿಡ್' ನೋಡಿ, ಫೋನಿನಲ್ಲೇ ಸಿಗುತ್ತದೆ. ಒಂದು ಗಂಟೆಯ ಸಿನಿಮಾ. ಮೂಕಿಯಾದ್ದರಿಂದ ಭಾಷೆಯ ತೊಡಕಿಲ್ಲ, ಅಜ್ಜಿಯನ್ನೂ ಕೂರಿಸಿಕೊಂಡು ನೋಡಬಹುದು. ಗಾಜು ಒಡೆದು ಓಡುವ ಹುಡುಗನನ್ನು ನೋಡಿ ನಗು ಬರುತ್ತದೆ, ನಗಿ. ಆ ನಗುವನ್ನು ನಮಗೆ ಕೊಡುವಾಗ ಅವನು ಕೆಲಸದಲ್ಲಿದ್ದ ಎಂಬುದೊಂದು ನೆನಪಿದ್ದರೆ ಸಾಕು.